ಚೌಕಾಸಿ ಯಂತ್ರ ಮತ್ತು ಹದಿನಾಲ್ಕನೇ ಷರತ್ತು

"ರೇಣುಕಾ, ಬೇಗ ಇಳಿದು ಬಾ! ಬಾಳೆಹಣ್ಣಿನ ಗಾಡಿ ಮುಂದಕ್ಕೆ ಹೋಗ್ಬಿಡುತ್ತೆ!"

ಶಿವಮಲ್ಲಪ್ಪನವರು ಕೆಳಗಿನಿಂದ ಹೀಗೆ ಕೂಗಿದಾಗ ನನ್ನ ಬಾಯಲ್ಲಿ ಇನ್ನೂ ಹಲ್ಲುಜ್ಜುವ ಬ್ರಷ್ ಇತ್ತು. ಅವರು ನನ್ನ ಷಡ್ಡಕ. ಅಂದರೆ ನನ್ನ ಹೆಂಡತಿ ದಾಕ್ಷಾಯಿಣಿಯ ಅಕ್ಕ ಗೌರಾಂಬನ ಗಂಡ. ಮೈಸೂರಿನ ಒಂದೇ ಕಟ್ಟಡದಲ್ಲಿ ಅವರದು ಕೆಳಮನೆ, ನಮ್ಮದು ಮೇಲ್ಮನೆ. ಅವರು ಏನೇ ಕಂಡುಹಿಡಿದರೂ ಮೊದಲ ಪ್ರಯೋಗ ನಮ್ಮ ಮೇಲೆಯೇ. ಹೋದ ವರ್ಷದ ಚಪಾತಿ ಯಂತ್ರ ಹಾರಿಸಿದ ಎರಡು ಚಪಾತಿಗಳ ಗುರುತು ನಮ್ಮ ಮಾಳಿಗೆಯ ಗೋಡೆಯಲ್ಲಿ ಇನ್ನೂ ಇದೆ.

ಇಳಿದು ಹೋದೆ. ಅವರ ಕೊರಳಲ್ಲಿ ಟಿಫಿನ್ ಡಬ್ಬಿಯಂಥ ಪೆಟ್ಟಿಗೆಯೊಂದು ನೇತಾಡುತ್ತಿತ್ತು. ಗಾಡಿಯವನು "ಏಲಕ್ಕಿ ಬಾಳೆ, ಕೆಜಿ ಎಂಬತ್ತು" ಎಂದ. ಶಿವಮಲ್ಲಪ್ಪನವರು ತುಟಿ ಬಿಗಿದುಕೊಂಡು ನಿಂತರು. ಮಾತಾಡಿದ್ದು ಪೆಟ್ಟಿಗೆ, ಅದೂ ಅವರದೇ ಧ್ವನಿಯಲ್ಲಿ!

"ಎಂಬತ್ತಾ! ಚಿನ್ನ ಬಳಿದಿದೀರಾ? ಆಚೆ ಬೀದೀಲಿ ಐವತ್ತಕ್ಕೇ ಕರೆದು ಕೊಡ್ತಾರೆ. ಬೇಡ ಬಿಡಿ!"

ಅವರು ನಾಲ್ಕು ಹೆಜ್ಜೆ ನಡೆದರು. ಗಾಡಿಯವನು ಕರೆದ. ಅರವತ್ತಕ್ಕೆ ಇಳಿದ. "ಮೇಲೆ ಕೊಸರು ಹಾಕಿ!" ಎಂದಿತು ಪೆಟ್ಟಿಗೆ. ಅವನು ಗೊಣಗುತ್ತ ಎರಡು ಹಣ್ಣು ಹೆಚ್ಚಿಗೆ ಹಾಕಿದ.

"ನೋಡಿದ್ಯಾ! ಚೌಕಾಸಿ ಯಂತ್ರ! ನಿಮ್ಮತ್ತಿಗೆ ಮಾರ್ಕೆಟ್ ಬ್ಯಾಗಿನೊಳಗೆ ರೆಕಾರ್ಡರ್ ಹೊಲಿದಿಟ್ಟು, ಎಂಟು ತಿಂಗಳು ಅವಳ ವ್ಯಾಪಾರ ಪೂರ್ತಿ ಇದಕ್ಕೆ ಕಲಿಸಿದೀನಿ!"

"ಅತ್ತಿಗೇಗೆ ಗೊತ್ತಾ?" ಎಂದೆ.

"ಈಗ ಗೊತ್ತಾಯ್ತು!" ಎಂದರು ಗೌರಾಂಬ, ಬಾಗಿಲಲ್ಲಿ ನಿಂತು.

ಈ ಯಂತ್ರ ನನಗೆ ಯಾಕೆ ಬೇಕಾಯಿತು ಎನ್ನುವುದನ್ನು ಹೇಳಬೇಕು. ಕಾರ್ಖಾನೆಗಳಲ್ಲಿರುವ ತಕ್ಕಡಿ, ಒತ್ತಡದ ಮೀಟರು, ಶಾಖದ ಮೀಟರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸಿ ಸರಿಪಡಿಸುವುದು ನನ್ನ ಕಸುಬು. ಯಾರ ನೌಕರನೂ ಅಲ್ಲ. ಕರೆದಲ್ಲಿಗೆ ಹೋಗುತ್ತೇನೆ, ಕೆಲಸ ಮುಗಿಸಿ ಬರುತ್ತೇನೆ. ಈಗ ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲಿ ಮೂರು ತಿಂಗಳ ಕೆಲಸ ಬಂದಿತ್ತು. ಆದರೆ ಅದು ಬೆಂಗಳೂರಿನ ಒಂದು ನೇಮಕಾತಿ ಏಜೆನ್ಸಿಯ ಮೂಲಕ. ಅವರು ಕಳಿಸಿದ ಕರಾರಿನಲ್ಲಿ ಹದಿನಾಲ್ಕನೇ ಷರತ್ತು ಹೀಗಿತ್ತು: ಕರಾರು ಮುಗಿದ ಮೇಲೆ ಎರಡು ವರ್ಷ ನಾನು ಏಜೆನ್ಸಿಯ ಯಾವ ಗಿರಾಕಿಗೂ ನೇರವಾಗಿ ಕೆಲಸ ಮಾಡುವಂತಿಲ್ಲ. ಮೈಸೂರಿನಿಂದ ನಂಜನಗೂಡಿನವರೆಗಿನ ಮುಕ್ಕಾಲು ಪಾಲು ಕಾರ್ಖಾನೆಗಳು ಅವರ ಗಿರಾಕಿಗಳೇ! ಮೂರು ತಿಂಗಳು ದುಡಿದು ಎರಡು ವರ್ಷ ಮನೆಯಲ್ಲಿ ಗಡಿಯಾರ ನೋಡುತ್ತ ಕೂರಬೇಕು.

ಷರತ್ತು ತೆಗೆಯಿರಿ ಎಂದರಾಯಿತು. ಆದರೆ ನನಗೆ ಆ ಮಾತೇ ಬರುವುದಿಲ್ಲ. ಯಾರು ಏನು ಹೇಳಿದರೂ "ಆಗ್ಲಿ" ಎನ್ನುವುದು ನನ್ನ ಹುಟ್ಟುಗುಣ. ದಾಕ್ಷಾಯಿಣಿ ಒಮ್ಮೆ ಪರೀಕ್ಷೆಗೆಂದು "ಕಿವಿ ಚುಚ್ಚಿಸ್ಕೊಳ್ತೀರಾ?" ಎಂದು ಕೇಳಿದ್ದಳು. ಅದಕ್ಕೂ ಆಗ್ಲಿ ಎಂದಿದ್ದೆ.

ಹೀಗಾಗಿ ಬೆಳಿಗ್ಗೆ ಹನ್ನೊಂದಕ್ಕೆ ಏಜೆನ್ಸಿಯ ಮೋನಿಷಾ ಮೇಡಂ ಫೋನ್ ಮಾಡಿದಾಗ ಪೆಟ್ಟಿಗೆ ನನ್ನ ಕೊರಳಲ್ಲಿತ್ತು. ವೈರು ಫೋನಿಗೆ ಸಿಕ್ಕಿಸಿತ್ತು. ನನ್ನ ಧ್ವನಿಯನ್ನು ಅದಕ್ಕೆ ತುಂಬಿಸಿಯೂ ಆಗಿತ್ತು.

"ಸರ್, ಮೊದಲು ರೇಟ್ ನೋಡೋಣ. ದಿನಕ್ಕೆ ಮೂರೂವರೆ ಸಾವಿರ. ಓಕೆನಾ?"

"ಮೂರೂವರೆ ಸಾವಿರವಾ!" ಪೆಟ್ಟಿಗೆ ನನ್ನ ಧ್ವನಿಯಲ್ಲಿ ಚೀರಿತು. "ಜಾಸ್ತಿ ಆಯ್ತು ಕಣ್ರೀ! ಸಾವಿರದೈನೂರು ಮಾಡ್ಕೊಳಿ!"

ನಾನು ಗಾಬರಿಯಿಂದ ಪಕ್ಕದಲ್ಲೇ ನಿಂತಿದ್ದ ದಾಕ್ಷಾಯಿಣಿ ಮತ್ತು ಷಡ್ಡಕರ ಕಡೆ ತಿರುಗಿದೆ.

"ಸರ್... ಇದು ನಾವು ನಿಮಗೆ ಕೊಡೋದು."

"ಗೊತ್ತು ರೀ! ಬೆಳಗಿನ ಮೊದಲ ಗಿರಾಕಿ ನಾನು. ಒಂದೇ ಮಾತು ಹೇಳಿ!"

"ಹದಿನೆಂಟು ನೂರು?" ಎಂದರು ಮೇಡಂ, ಮೆಲ್ಲಗೆ.

"ಹಾಂ, ಹಾಗೆ ದಾರಿಗೆ ಬನ್ನಿ!"

"ಭಾವ, ಅದನ್ನ ನಿಲ್ಸಿ!" ದಾಕ್ಷಾಯಿಣಿ ಕಿರುಚಿದಳು. "ಇವ್ರ ದುಡಿಮೆ ಇವ್ರೇ ಇಳಿಸ್ಕೊಳ್ತಿದಾರೆ!"

ಶಿವಮಲ್ಲಪ್ಪನವರು ತಲೆ ಕೆರೆದುಕೊಂಡರು. "ನಿಮ್ಮಕ್ಕ ಇದುವರೆಗೆ ಕೊಂಡಿದ್ದೇ ಹೊರತು ಏನನ್ನೂ ಮಾರಿಲ್ಲ ಕಣಮ್ಮ. ರೇಟ್ ಕೇಳಿದ್ರೆ ಇಳಿಸ್ಬೇಕು, ಇದಕ್ಕೆ ಗೊತ್ತಿರೋದು ಅಷ್ಟೇ."

"ನಿಲ್ಸೋ ಗುಂಡಿ ಎಲ್ಲಿ?"

"ಇಟ್ಟಿಲ್ಲ. ಚೌಕಾಸಿ ಶುರುಮಾಡಿದ ಮೇಲೆ ಅವಳು ಮಧ್ಯೆ ನಿಲ್ಲಿಸಿದ್ದು ನೀನೇನಾದ್ರೂ ನೋಡಿದೀಯಾ?"

ಅಷ್ಟರಲ್ಲಿ ಮೂರು ತಿಂಗಳಿಗೆ ಕೊಟ್ಟಿದ್ದ ಹನ್ನೆರಡು ದಿನದ ರಜೆ ನಾಲ್ಕಕ್ಕೆ ಇಳಿದಿತ್ತು. ಮಧ್ಯಾಹ್ನದ ಊಟದ ಮುಕ್ಕಾಲು ಗಂಟೆ ಕಾಲು ಗಂಟೆಯಾಗಿತ್ತು. ಪೆಟ್ಟಿಗೆ ಇದಕ್ಕೂ ಕೊಸರು ಕೇಳಿತು! ಮೇಡಂ ಸಂತೋಷದಿಂದ ಪಕ್ಕದ ಇನ್ನೊಂದು ಕಾರ್ಖಾನೆಯ ಶನಿವಾರದ ಕೆಲಸವನ್ನು ಪುಕ್ಕಟೆಯಾಗಿ ನನ್ನ ತಲೆಗೆ ಕಟ್ಟಿದರು. ನಾನು ಪೆಟ್ಟಿಗೆಯ ಬಾಯಿಗೆ ಟವೆಲ್ ತುರುಕಿದೆ. ಅದು ಟವೆಲಿನೊಳಗಿಂದಲೇ ಇನ್ನೂ ಜೋರಾಗಿ ಮಾತಾಡಿತು.

ಕೊನೆಗೆ ಬಂತು ಹದಿನಾಲ್ಕನೇ ಷರತ್ತು.

"ಎರಡು ವರ್ಷ ಸರ್," ಎಂದರು ಮೇಡಂ.

"ಎರಡಾ! ಜಾಸ್ತಿ ಆಯ್ತು. ಆರು ತಿಂಗಳು ಮಾಡಿ!"

ನನ್ನ ಎದೆ ಹಿಗ್ಗಿತು. ಅಂತೂ ಒಂದಾದರೂ ಸರಿಯಾದದ್ದು ಇಳಿಯುತ್ತಿದೆ! ಆದರೆ ಮೇಡಂ, "ಇದೊಂದು ಆಗಲ್ಲ ಸರ್, ಲೀಗಲ್‌ನವ್ರು ಒಪ್ಪಲ್ಲ" ಎಂದರು.

"ಬೇಡ ಬಿಡಿ!" ಎಂದು ಪೆಟ್ಟಿಗೆ ಫೋನ್ ಕತ್ತರಿಸಿತು.

"ಕೆಲಸ ಹೋಯ್ತು," ಎಂದು ನಾನು ಮೆಟ್ಟಿಲ ಮೇಲೆ ಕುಸಿದೆ. ಅರ್ಧ ಸಂಬಳದ್ದಾದರೂ ಕೆಲಸ ಕೆಲಸವೇ ತಾನೆ.

"ಕರೀತಾರೆ, ಸುಮ್ನಿರು," ಎಂದರು ಗೌರಾಂಬ. ಅವರು ಆಗಲೇ ಕುರ್ಚಿ ಎಳೆದುಕೊಂಡು ಕೂತು, ತಮ್ಮ ಶಿಷ್ಯನಾದ ಪೆಟ್ಟಿಗೆಯನ್ನು ಅಭಿಮಾನದಿಂದ ನೋಡುತ್ತಿದ್ದರು.

ಹನ್ನೊಂದು ನಿಮಿಷಕ್ಕೆ ಫೋನ್ ಬಂತು. ಈ ಸಲ ನಾನು ವೈರನ್ನು ಕಿತ್ತೆಸೆದು ನಾನೇ ಎತ್ತಿದೆ. ಧೈರ್ಯ ತಂದುಕೊಂಡು, "ಮೇಡಂ, ಆ ಹದಿನಾಲ್ಕನೇ ಷರತ್ತು..." ಎಂದು ತೊದಲಿದೆ.

"ನೀವು ಯಾರು? ಮೊದಲು ಮಾತಾಡ್ತಿದ್ದ ಸರ್‌ಗೆ ಕೊಡಿ."

"ನಾನೇ ಮೇಡಂ."

"ಧ್ವನಿ ಅದೇ, ಆದ್ರೆ ಮಾತು ಅವರದಲ್ಲ. ನಿಜ ಹೇಳಿ ಸರ್."

ಹೇಳಿದೆ. ಯಂತ್ರ, ಬಾಳೆಹಣ್ಣು, ಗೌರಾಂಬ, ಎಲ್ಲವನ್ನೂ. ಮೇಡಂ ಕೇಸು ಹಾಕುತ್ತಾರೆ ಎಂದುಕೊಂಡೆ. ಬದಲಿಗೆ ಅವರ ಧ್ವನಿಗೆ ಒಂದು ಬಗೆಯ ಭಕ್ತಿ ಬಂತು. "ಸರ್, ನಮ್ಮ ಹತ್ರ ಆರುನೂರು ಜನ ಕಾಂಟ್ರ್ಯಾಕ್ಟರ್‌ಗಳಿದಾರೆ. ದಿನಾ ಒಬ್ಬೊಬ್ಬರ ಹತ್ರ ರೇಟ್ ಮಾತಾಡಿ ನಮ್ಮ ಗಂಟಲು ಹೋಗಿದೆ. ಆ ಯಂತ್ರ ನಮಗೆ ಕೊಡ್ಸಿ. ಲೀಗಲ್‌ನವ್ರನ್ನ ನಾನೇ ಒಪ್ಪಿಸಿ, ನಿಮ್ಮ ಕರಾರಿಂದ ಹದಿನಾಲ್ಕನೇ ಷರತ್ತು ತೆಗೀತೀನಿ!"

ನಾನು ಷಡ್ಡಕರ ಮುಖ ನೋಡಿದೆ. ಅವರು ಆಗಲೇ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. "ಕೊಡೋಣ! ಆದ್ರೆ ಬಾಡಿಗೆಗೆ. ಬಾಡಿಗೆ ಎಷ್ಟು ಅಂತ ಇದೇ ಮಾತಾಡ್ಲಿ!"

"ಭಾವ, ಬೇಡ!" ಎಂದಳು ದಾಕ್ಷಾಯಿಣಿ. ಅವರು ಕೇಳಲಿಲ್ಲ. ವೈರು ಮತ್ತೆ ಸಿಕ್ಕಿಸಿದರು.

ತಿಂಗಳಿಗೆ ನಲವತ್ತು ಸಾವಿರ ಎಂದರು ಮೇಡಂ. ಪೆಟ್ಟಿಗೆಗೆ ತುಂಬಾ ಕೋಪ ಬಂತು. ಎರಡೇ ನಿಮಿಷದಲ್ಲಿ ಬಾಡಿಗೆ ಮುನ್ನೂರೈವತ್ತಕ್ಕೆ ಬಂದು ನಿಂತಿತು. ಕೊಸರು ಎಂದು ಏಜೆನ್ಸಿಯ ಗೋಡೆ ಕ್ಯಾಲೆಂಡರ್ ಒಂದು ಅಂಚೆಯಲ್ಲಿ ಬಂತು. ಶಿವಮಲ್ಲಪ್ಪನವರು ಅದನ್ನು ತಂದು ನಮ್ಮ ಗೋಡೆಯ ಚಪಾತಿ ಗುರುತಿನ ಮೇಲೆ ತೂಗುಹಾಕಿದರು.

ರೇಟು ಏರಿಸಿ ಎನ್ನಲು ಬಾಯಿ ಬರದೆ ನಾನು ಮೂರು ತಿಂಗಳು ಹದಿನೆಂಟು ನೂರಕ್ಕೆ ದುಡಿದೆ. ಕಾಲು ಗಂಟೆಯಲ್ಲಿ ಊಟ ನುಂಗಿದೆ, ಶನಿವಾರ ಪುಕ್ಕಟೆ ಕೆಲಸ ಮಾಡಿದೆ. ಅವಧಿ ಮುಗಿಯುವ ವಾರ ಏಜೆನ್ಸಿಯಿಂದ ಫೋನ್ ಬಂತು. ಆ ಕಡೆಯಿಂದ ಮಾತಾಡಿದ್ದು ನಾನೇ!

"ಇನ್ನು ಮೂರು ತಿಂಗಳು ಮುಂದುವರಿಸೋಣ," ಎಂದಿತು ಪೆಟ್ಟಿಗೆಯೊಳಗಿನ ನನ್ನ ಧ್ವನಿ. "ಆದ್ರೆ ಹದಿನೆಂಟು ನೂರು ಜಾಸ್ತಿ ಆಯ್ತು. ಒಂಬೈನೂರು ಮಾಡ್ಕೊಳಿ!"

ನಲವತ್ತೆಂಟು ವರ್ಷದಲ್ಲಿ ನಾನು ಯಾರಿಗೂ ಇಲ್ಲ ಎಂದವನಲ್ಲ. ಆದರೆ ಈ ಮನುಷ್ಯನ ಯೋಗ್ಯತೆ ನನಗೆ ಚೆನ್ನಾಗಿ ಗೊತ್ತಿತ್ತು. ಅವನಿಗೇಕೆ ಹೆದರಲಿ?

"ಆಗಲ್ಲ," ಎಂದೆ. ಬಾಯಿಗೆ ಆ ಮಾತು ರುಚಿಯಾಗಿತ್ತು. ಮತ್ತೊಮ್ಮೆ ಹೇಳಿದೆ.

"ಬೇಡ ಬಿಡಿ!" ಎಂದು ಅದು ಫೋನ್ ಕತ್ತರಿಸಿತು. ನಾನು ಕರೆಯಲಿಲ್ಲ.

ಸೋಮವಾರ ಕಾರ್ಖಾನೆಯ ಮ್ಯಾನೇಜರೇ ಫೋನ್ ಮಾಡಿ, ನೇರವಾಗಿ ತಮಗೇ ಕೆಲಸ ಮಾಡಿಕೊಡುತ್ತೀರಾ, ಎಷ್ಟು ತಗೊಳ್ತೀರಿ ಎಂದು ಕೇಳಿದರು. ದಿನಕ್ಕೆ ನಾಲ್ಕು ಸಾವಿರ, ಊಟಕ್ಕೆ ಮುಕ್ಕಾಲು ಗಂಟೆ ಎಂದೆ. "ಆಗ್ಲಿ" ಎಂದರು. ನನ್ನ ಕರಾರಿನಲ್ಲಿ ಹದಿಮೂರರ ಮುಂದೆ ನೇರವಾಗಿ ಹದಿನೈದು ಇದ್ದುದರಿಂದ ಯಾರ ತಕರಾರೂ ಬರಲಿಲ್ಲ. ಆ ದಿನ ನನಗಾದ ಖುಷಿ ಮದುವೆಯ ದಿನವೂ ಆಗಿರಲಿಲ್ಲ. ದಾಕ್ಷಾಯಿಣಿಗೆ ಇದನ್ನು ಹೇಳಿಲ್ಲ.

ಮೊನ್ನೆ ಮೋನಿಷಾ ಮೇಡಂ ಫೋನ್ ಮಾಡಿದ್ದರು. ಯಂತ್ರ ಆ ದಿನದಿಂದ ನಾನು ವಾಪಸ್ಸು ಕರೆಯಲೆಂದು ಕಾಯುತ್ತ ಕೂತಿದೆಯಂತೆ. ಬೇರೆ ಯಾರೊಂದಿಗೂ ಮಾತಾಡುತ್ತಿಲ್ಲವಂತೆ. ಆರುನೂರು ಜನರ ಕರಾರು ಮೂರು ವಾರದಿಂದ ನಿಂತಿದೆಯಂತೆ. "ಒಂದೇ ಒಂದು ಸಲ 'ಬನ್ನಿ' ಅಂತ ಕರೀರಿ ಸರ್, ಪ್ಲೀಸ್!" ಎಂದು ಬೇಡಿಕೊಂಡರು.

ಕರೆಯುತ್ತೇನೆ, ಆದರೆ ಅದಕ್ಕೆ ನನ್ನ ಫೀಸು ಬೇರೆ ಎಂದೆ.