ಬಿ.ಎಸ್ಸಿ. ಸ್ವಲ್ಪ, ಬಿ.ಎ. ಸ್ವಲ್ಪ

ಮೈಸೂರಿನಲ್ಲಿ ಯಾರದಾದರೂ ಹೊಸ ಪರಿಚಯವಾದರೆ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಮನೆ ಯಾವ ಕಡೆ ಎಂದು ಕೇಳುತ್ತಾರೆ, ಮೂರನೆಯದಾಗಿ ಏನು ಓದಿದ್ದೀರಿ ಎಂದು ಕೇಳುತ್ತಾರೆ. ಮೊದಲ ಎರಡಕ್ಕೆ ನನ್ನ ಹತ್ತಿರ ಉತ್ತರ ಇದೆ. ಮೂರನೆಯದಕ್ಕೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿರುವವರ ಕಾಫಿ ಆರಿರುತ್ತದೆ. ನಾನು ಡಿಸೈನರ್. ಹಾಗೆಂದ ಕೂಡಲೇ ಬ್ಲೌಸ್ ಹೊಲಿಯಲು ಕೊಟ್ಟವರಿದ್ದಾರೆ. ಡಬ್ಬಿ, ಬಾಟಲಿ, ಪೊಟ್ಟಣಗಳ ಮೇಲೆ ಚಿತ್ರ, ಬಣ್ಣ, ಅಕ್ಷರ ಹೇಗಿರಬೇಕು ಎಂದು ನೋಡುವುದು ನನ್ನ ಕೆಲಸ ಎಂದರೆ, ಅದಕ್ಕೆ ಯಾವ ಕಾಲೇಜು ಎಂದು ಮತ್ತೆ ಕೇಳುತ್ತಾರೆ. ಇಂಥ ಫಜೀತಿ ತಿಂಗಳಿಗೊಂದಾದರೂ ಇದ್ದೇ ಇರುತ್ತದೆ. ಅದಕ್ಕೇ ಒಂದು ಸಲ ಎಲ್ಲವನ್ನೂ ಬರೆದಿಟ್ಟುಬಿಡೋಣ ಅನ್ನಿಸಿತು.

ಒಂದೇ ಕೆರೆಯ ಕಪ್ಪೆಗಳು

ಪಿಯುಸಿ ಆದ ಮೇಲೆ ಬಿ.ಎಸ್ಸಿ. ಸೇರಿದ್ದು ಅಪ್ಪನ ಆಸೆಗೆ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು, ಊರು ಇಲವಾಲ. ಓದಿದ್ದು ಎಸ್ಸೆಸ್ಸೆಲ್ಸಿ. ಮೂವತ್ತು ವರ್ಷ ಕಾಲೇಜು ಮಕ್ಕಳ ಪಾಸ್ ನೋಡಿ ನೋಡಿ, ತಮ್ಮ ಮಗಳ ಕೈಯಲ್ಲೂ ಅಂಥದೊಂದು ಪಾಸ್ ಇರಬೇಕು, ಕೊನೆಗೊಂದು ಡಿಗ್ರಿ ಬರಬೇಕು ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ನನಗೆ ಪ್ರಾಣಿಶಾಸ್ತ್ರ ಬರುತ್ತಿರಲಿಲ್ಲ, ಪ್ರಾಣಿಗಳು ಮಾತ್ರ ಚೆನ್ನಾಗಿ ಬರುತ್ತಿದ್ದವು. ಎರೆಹುಳು, ಜಿರಲೆ, ಕಪ್ಪೆಯ ಹೊಟ್ಟೆ, ಯಾವುದನ್ನು ಕೇಳಿದರೂ ಪೆನ್ಸಿಲ್ ಹಿಡಿದು ಚಿತ್ರ ಬರೆದುಬಿಡುತ್ತಿದ್ದೆ. ಮೊದಲು ಪಕ್ಕದವಳು ತನ್ನ ರೆಕಾರ್ಡ್ ಪುಸ್ತಕ ಕೊಟ್ಟಳು, ಆಮೇಲೆ ಹಿಂದಿನ ಬೆಂಚು, ಆಮೇಲೆ ಹುಡುಗರ ಸಾಲು. ಬದಲಿಗೆ ದಿನಾ ಯಾರದಾದರೂ ಡಬ್ಬಿಯ ಪುಳಿಯೋಗರೆ ಸಿಗುತ್ತಿತ್ತು. ನಾನು ಸುಖವಾಗಿಯೇ ಇದ್ದೆ.

ವರ್ಷದ ಕೊನೆಗೆ ಮೇಷ್ಟ್ರು ಮೂವತ್ತೆರಡು ರೆಕಾರ್ಡುಗಳನ್ನು ಮೇಜಿನ ಮೇಲೆ ಬಿಡಿಸಿ ಇಟ್ಟುಕೊಂಡು ನನ್ನನ್ನು ಕರೆಸಿದರು. ಎಲ್ಲ ಕಪ್ಪೆಗಳ ಎಡಗಾಲೂ ಒಂದೇ ರೀತಿ ಸ್ವಲ್ಪ ಮಡಿಚಿಕೊಂಡಿತ್ತು. ಬಹಳ ಹೊತ್ತು ನೋಡಿ, “ಇವೆಲ್ಲ ಒಂದೇ ಕೆರೆಯವೇನಮ್ಮ?” ಎಂದರು. ನಾನು ತಲೆ ತಗ್ಗಿಸಿದೆ. ಇಡೀ ತರಗತಿಯನ್ನು ಫೇಲ್ ಮಾಡಿದರೆ ಮೇಲಿನವರಿಗೆ ಅವರೇ ಉತ್ತರ ಹೇಳಬೇಕಾಗುತ್ತಿತ್ತು. ಹಾಗಾಗಿ ಮೂವತ್ತೆರಡಕ್ಕೂ ಸಹಿ ಹಾಕಿದರು. ಆಮೇಲೆ ನಿನ್ನ ರೆಕಾರ್ಡ್ ಎಲ್ಲಿ ಎಂದು ಕೇಳಿದರು.

ಅದನ್ನು ಬರೆಯಲು ನನಗೆ ಪುರುಸೊತ್ತೇ ಆಗಿರಲಿಲ್ಲ. ರೆಕಾರ್ಡಿಗೆ ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಮೂವತ್ತೆರಡು ಜನ ಪಾಸಾದರು, ಕಪ್ಪೆ ಬರೆದವಳು ದಡದಲ್ಲೇ ಉಳಿದಳು.

ಸ್ಟಾಪು ಬರುವವರೆಗೆ

ಆಮೇಲೆ ಬೇರೆ ಕಾಲೇಜಿನಲ್ಲಿ ಬಿ.ಎ. ಸೇರಿದೆ. ಇತಿಹಾಸದ ಮೇಲಿನ ಪ್ರೀತಿಯಿಂದ ಅಲ್ಲ. ಅಲ್ಲಿ ತರಗತಿಗಳು ಬೆಳಿಗ್ಗೆ ಮಾತ್ರ ಇದ್ದವು, ಮಧ್ಯಾಹ್ನ ಮಂಡಿ ಮೊಹಲ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂರಬಹುದಿತ್ತು. ಮಧ್ಯಾಹ್ನದ ಪ್ರೆಸ್ಸು ಮೆಲ್ಲಗೆ ಬೆಳಿಗ್ಗೆಯನ್ನೂ ನುಂಗಿತು. ಹಾಜರಿ ಸಾಲದು ಎಂದು ಹಾಲ್ ಟಿಕೆಟ್ ಕೊಡಲಿಲ್ಲ. ಎರಡನೆಯ ಕಾಲೇಜೂ ಹೋಯಿತು.

ಅಂದಿನಿಂದ ಅಪ್ಪ ಪ್ರತಿ ಭಾನುವಾರ ತಿಂಡಿಯಾದ ಮೇಲೆ ಒಂದು ಭಾಷಣ ಶುರುಮಾಡಿದರು. ವಾರದಿಂದ ವಾರಕ್ಕೆ ಅದು ಬೆಳೆಯುತ್ತಿತ್ತು, ತಿರುಳು ಮಾತ್ರ ಒಂದೇ. “ಬಸ್ಸು ಹತ್ತಿದ ಮೇಲೆ ಸ್ಟಾಪು ಬರೋಗಂಟ ಕೂತಿರಬೇಕು ಕಣಮ್ಮ. ನಡುವೆ ಇಳಿದವರು ಯಾವ ಊರಿಗೂ ಸೇರಾಕಿಲ್ಲ.”

ಒಂದು ಸಲ ನಾನೂ ಸೋಲಬಾರದೆಂದು, ತಪ್ಪು ಬಸ್ಸು ಹತ್ತಿದ್ದರೆ ಏನು ಮಾಡಬೇಕು ಎಂದು ಕೇಳಿದೆ. ಅಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಅದಕ್ಕೂ ಟಿಕೆಟ್ ತಗೊಂಡಿರ್ತೀಯಲ್ಲ.”

ನಗು ಬಂತು, ಬೇಜಾರೂ ಆಯಿತು. ನಾನು ಮಾಡಿದ್ದು ತಪ್ಪಲ್ಲ ಎಂದು ಅಪ್ಪನ ಬಾಯಿಂದ ಒಂದೇ ಒಂದು ಸಲ ಕೇಳಬೇಕು ಎಂಬ ಆಸೆ ಅವತ್ತು ಹುಟ್ಟಿದ್ದು, ಹತ್ತು ವರ್ಷ ನನ್ನ ಬೆನ್ನು ಬಿಡಲಿಲ್ಲ. ನನ್ನ ಸಂಬಳಕ್ಕಾಗಲಿ, ಹೊತ್ತು ಮೀರಿ ಮನೆಗೆ ಬರುವುದಕ್ಕಾಗಲಿ ಅವರು ಒಂದು ಮಾತೂ ಆಡಿದವರಲ್ಲ. ಡಿಗ್ರಿ ವಿಷಯ ಒಂದನ್ನು ಬಿಟ್ಟು ಮಿಕ್ಕಿದ್ದರಲ್ಲಿ ನಾವಿಬ್ಬರೂ ಬಹಳ ಒಳ್ಳೆಯ ಸ್ನೇಹಿತರು.

ಖಾಲಿ ಜಾಗ

ಪ್ರೆಸ್ಸಿನ ಸಾಹೇಬರು ನನಗೆ ಕಲಿಸಿದ ಮೊದಲ ಪಾಠ, ಲಗ್ನಪತ್ರಿಕೆಯಲ್ಲಿ ಖಾಲಿ ಜಾಗ ಕಂಡರೆ ಗಿರಾಕಿಗೆ ಜೀವ ತಡೆಯುವುದಿಲ್ಲ ಎಂಬುದು. ನಾನು ನಂಬಲಿಲ್ಲ. ಸುತ್ತ ಧಾರಾಳವಾಗಿ ಜಾಗ ಬಿಟ್ಟು, ನಡುವೆ ವಧೂವರರ ಹೆಸರನ್ನು ಚೆಂದವಾಗಿ ಕೂರಿಸಿ ಒಂದು ಪತ್ರಿಕೆ ಮಾಡಿದೆ. ಹುಡುಗಿಯ ತಂದೆ ಬಂದು ನೋಡಿದರು, ಬಹಳ ಚೆನ್ನಾಗಿದೆ ಎಂದರು. ಆಮೇಲೆ ಖಾಲಿ ಜಾಗದ ಮೇಲೆ ಬೆರಳಿಟ್ಟು, ಇಲ್ಲಿ ಯಾರ ಹೆಸರು ಬರುತ್ತದೆ ಎಂದು ಕೇಳಿದರು. ಯಾರದೂ ಇಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಸಂಜೆಗೆ ಸೋದರಮಾವಂದಿರ ಪಟ್ಟಿ ಬಂತು. ಮರುದಿನ ಚಿಕ್ಕಪ್ಪಂದಿರದು. ಅದರ ಮರುದಿನ, ಅವರದಿದ್ದರೆ ಇವರದೂ ಇರಬೇಕಲ್ಲ ಎಂದು ಅತ್ತೆಯರದು. ಅಕ್ಷರ ಸಣ್ಣದು ಮಾಡುತ್ತಾ ಮಾಡುತ್ತಾ ಸಾಸಿವೆಯಷ್ಟಾಯಿತು. ಕೊನೆಯ ದಿನ ಹುಡುಗಿಯ ತಂದೆ ಇನ್ನೂ ನಾಲ್ಕು ಹೆಸರು ಹಿಡಿದುಕೊಂಡು ಬಂದಾಗ, ಇನ್ನು ಏನನ್ನಾದರೂ ತೆಗೆದರೆ ಮಾತ್ರ ಜಾಗ ಎಂದು ಹೇಳಿದೆ. ಅವರು ಪತ್ರಿಕೆಯನ್ನು ದೂರ ಹಿಡಿದು ಓದಿ, ಕಲ್ಯಾಣ ಮಂಟಪದ ಹೆಸರನ್ನೂ ವಿಳಾಸವನ್ನೂ ತೆಗೆದುಬಿಡಿ ಎಂದರು. ನಾನು ಗಾಬರಿಯಾಗಿ, ಜನ ಎಲ್ಲಿಗೆ ಬರಬೇಕು ಎಂದು ಕೇಳಿದೆ.

“ಬರೋರ ಹೆಸರೆಲ್ಲ ಒಳಗೇ ಇದೆಯಲ್ಲಮ್ಮ. ಅವರಿಗೆಲ್ಲ ಛತ್ರ ಗೊತ್ತು.”

ಜಿರಲೆಯ ಬಾಯಿ

ಲಕ್ಷ್ಮೀಪುರಂನ ಒಂದು ಹಳೆಯ ಮನೆಯಲ್ಲಿ ಇಬ್ಬರು ಡಿಸೈನ್ ಸ್ಟುಡಿಯೋ ಇಟ್ಟಿದ್ದರು. ದೊಡ್ಡ ದೊಡ್ಡ ಕಡೆ ಓದಿ ಬಂದವರು. ಕೆಲಸಕ್ಕೆ ಜನ ಬೇಕು ಎಂದು ತಿಳಿದು ಹೋದೆ. ನಿಮ್ಮ ಕೆಲಸ ತೋರಿಸಿ ಎಂದರು. ಚೀಲದಿಂದ ಒಂದು ಕಂತೆ ಲಗ್ನಪತ್ರಿಕೆ ತೆಗೆದಿಟ್ಟೆ, ಜೊತೆಗೆ ಗೆಳತಿಯೊಬ್ಬಳಿಂದ ಕಾಡಿ ತಂದಿದ್ದ ಅವಳ ರೆಕಾರ್ಡ್ ಪುಸ್ತಕವನ್ನೂ ಇಟ್ಟೆ.

ಇಬ್ಬರಲ್ಲಿ ಹಿರಿಯವರು ಜಿರಲೆಯ ಬಾಯಿಯ ಭಾಗಗಳ ಚಿತ್ರ ಇದ್ದ ಪುಟದಲ್ಲಿ ನಿಂತುಬಿಟ್ಟರು. ಕನ್ನಡಕ ಸರಿಮಾಡಿಕೊಂಡು, ಇದನ್ನು ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಿದಿರಿ ಎಂದು ಕೇಳಿದರು. ಎಚ್‌ಬಿ ಪೆನ್ಸಿಲ್ ಎಂದೆ. ಅವರು ಇನ್ನೊಬ್ಬರ ಮುಖ ನೋಡಿದರು, ಇನ್ನೊಬ್ಬರು ಜಿರಲೆಯ ಮುಖ ನೋಡಿದರು. ನಾಳೆಯಿಂದಲೇ ಬನ್ನಿ ಎಂದರು.

ಆಮೇಲೆ ತುಂಬಲು ಒಂದು ಫಾರಂ ಕೊಟ್ಟರು. ವಿದ್ಯಾರ್ಹತೆ ಎಂಬ ಕಡೆ ಪೆನ್ನು ನಿಂತಿತು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ‘ಬಿ.ಎಸ್ಸಿ. ಸ್ವಲ್ಪ, ಬಿ.ಎ. ಸ್ವಲ್ಪ’ ಎಂದು ಬರೆದೆ. ಇವತ್ತಿಗೂ ಆ ಸ್ಟುಡಿಯೋದಲ್ಲಿ ಎರಡು ಡಿಗ್ರಿ ಇರುವವಳು ನಾನೊಬ್ಬಳೇ ಎಂದು ರೇಗಿಸುತ್ತಾರೆ.

ಊಟಕ್ಕೆ ಮುಂಚೆಯೋ ಆಮೇಲೋ

ಅಲ್ಲಿ ನನಗೆ ಮೊದಲು ಸಿಕ್ಕ ದೊಡ್ಡ ಕೆಲಸ ಒಂದು ಅಗರಬತ್ತಿ ಪ್ಯಾಕೆಟ್ಟು. ಅಗರಬತ್ತಿ ಪ್ಯಾಕೆಟ್ಟೆಂದರೆ ದೇವರು, ಗುಲಾಬಿ, ಜಿಂಕೆ, ಮಾಲೀಕರ ತಂದೆಯ ಫೋಟೋ ಎಲ್ಲ ಒಟ್ಟಿಗೆ ಇರುತ್ತವೆ. ನಾನು ಆಗ ತಾನೇ ಖಾಲಿ ಜಾಗದ ಆಸೆ ಕಟ್ಟಿಕೊಂಡು ಬಂದವಳು. ಅಪ್ಪಟ ಬಿಳಿಯ ಪ್ಯಾಕೆಟ್ಟಿನ ಮೂಲೆಯಲ್ಲಿ ಒಂದೇ ಒಂದು ಮಲ್ಲಿಗೆ ಮೊಗ್ಗು ಬರೆದೆ. ಸ್ಟುಡಿಯೋದವರೆಲ್ಲ ಕೈಕುಲುಕಿದರು.

ಅಗರಬತ್ತಿ ಕಂಪನಿಯ ಮಾಲೀಕರು ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಅವರದೊಂದು ಪದ್ಧತಿ ಇತ್ತು. ಹೊಸ ಪ್ಯಾಕೆಟ್ಟು ಯಾವುದೇ ಆಗಲಿ, ಮನೆಯಲ್ಲಿ ಓದು ಬರಹ ಬಾರದ ತಮ್ಮ ತಾಯಿಯ ಕೈಗೆ ಕೊಡುತ್ತಿದ್ದರು. ದೇವರಮನೆಯ ಮಬ್ಬಿನಲ್ಲಿ ಅಜ್ಜಿಗೆ ಗುರುತು ಸಿಕ್ಕರೆ ಮಾತ್ರ ಅದು ಅಂಗಡಿಗೆ ಹೋಗುತ್ತಿತ್ತು. ನನ್ನನ್ನೂ ಕರೆದುಕೊಂಡು ಹೋದರು. ಅಜ್ಜಿ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಿಳಿ ಮೈ, ಮೂಲೆಯಲ್ಲಿ ಸಣ್ಣ ಮೊಗ್ಗು, ಸಣ್ಣ ಅಕ್ಷರ. ನನ್ನನ್ನು ಡಾಕ್ಟರಮ್ಮ ಎಂದುಕೊಂಡರೋ ಏನೋ, ವಿನಯದಿಂದ ಕೇಳಿದರು.

“ಇದು ಊಟಕ್ಕೆ ಮುಂಚೆಯೋ, ಆಮೇಲೋ?”

ಕಾಲೇಜಿನಲ್ಲಿ ಯಾರೂ ಕಲಿಸದ್ದನ್ನು ಅಜ್ಜಿ ಅರ್ಧ ನಿಮಿಷದಲ್ಲಿ ಕಲಿಸಿದರು. ಬಿಳಿಯ ಜಾಗಕ್ಕೆ ಗಾಢ ಕುಂಕುಮದ ಬಣ್ಣ ತಂದೆ, ಮೊಗ್ಗನ್ನು ಒಂದು ದಿಂಡು ಹೂವಾಗಿ ಮಾಡಿದೆ. ಪ್ಯಾಕೆಟ್ಟು ಚೆನ್ನಾಗಿ ಓಡಿತು. ಅದನ್ನು ನೋಡಿ ಬೇರೆ ಕಂಪನಿಗಳೂ ನನ್ನನ್ನೇ ಕೇಳಿಕೊಂಡು ಬರತೊಡಗಿದವು.

ಅಗರಬತ್ತಿ ಲೈನು

ಇಷ್ಟಾದರೂ ಅಪ್ಪ ಬೆಳಗಿನ ವಾಕಿಂಗಿನಲ್ಲಿ ಸ್ನೇಹಿತರು ಮಗಳ ಬಗ್ಗೆ ಕೇಳಿದರೆ, “ಅವಳು ಅಗರಬತ್ತಿ ಲೈನಲ್ಲವಳೆ” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಮುಂದಿನ ಪ್ರಶ್ನೆ ಏನು ಓದಿದ್ದಾಳೆ ಎಂಬುದು ಅವರಿಗೆ ಗೊತ್ತಿತ್ತು.

ಒಂದು ಭಾನುವಾರ ಆ ಸ್ನೇಹಿತರಲ್ಲೊಬ್ಬರು, ಬಹಳ ಒಳ್ಳೆಯ ಮನುಷ್ಯರು, ಮನೆಗೆ ಬಂದರು. ಕೈಯಲ್ಲಿ ಒಂದು ಅರ್ಜಿ ಇತ್ತು. ಮನೆಯಲ್ಲೇ ಅಗರಬತ್ತಿ ಹೊಸೆಯುವ ಹೆಣ್ಣುಮಕ್ಕಳಿಗೆ ಏನೋ ಸಹಾಯ ಸಿಗುತ್ತದಂತೆ, ಕಚೇರಿಯಲ್ಲಿ ತಾವೇ ನಿಂತು ಮಾತಾಡಿ ಬಂದಿದ್ದಾರೆ. ನನ್ನ ಅಂಗೈಯನ್ನು ನೋಡಿ, ಪಾಪ ಕೈ ಇನ್ನೂ ಚೆನ್ನಾಗಿದೆ, ಈಗಲೇ ಜೋಪಾನ ಮಾಡಿಕೋ ಎಂದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಪ್ಪ ಕಿಟಕಿಯ ಕಡೆ ತಿರುಗಿ ಕೂತರು. ಅಪ್ಪನ ಮರ್ಯಾದೆ ಉಳಿಸಬೇಕಿತ್ತು, ಬೇರೆ ದಾರಿ ಕಾಣದೆ ನಾನು ಅರ್ಜಿಗೆ ಸಹಿ ಹಾಕಿಕೊಟ್ಟೆ.

ನಾಲ್ಕು ಟಿಸಿ

ಈ ವರ್ಷ ಒಂದು ಕಾಲೇಜಿನವರು ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕರೆದರು. ನಾನು ಓದಿದ, ಅಂದರೆ ಓದದ ಎರಡು ಕಾಲೇಜುಗಳಲ್ಲಿ ಇದು ಒಂದಲ್ಲ. ಹೋಗಿ ಕಪ್ಪೆಯ ಕಥೆ ಹೇಳಿದೆ, ಜಿರಲೆಯ ಕಥೆ ಹೇಳಿದೆ. ಮಕ್ಕಳು ಬಹಳ ನಕ್ಕರು. ನನಗೂ ಖುಷಿಯಾಯಿತು.

ಎರಡು ದಿನ ಬಿಟ್ಟು ಪ್ರಿನ್ಸಿಪಾಲರ ಫೋನ್ ಬಂತು. ಮೃದು ಮಾತಿನವರು. “ನೀವು ತುಂಬಾ ಚೆನ್ನಾಗಿ ಮಾತಾಡಿದ್ರಿ ಮೇಡಂ. ಅದೇ ತೊಂದರೆ ಆಗಿದ್ದು,” ಎಂದರು. ನಾಲ್ಕು ಮಕ್ಕಳು ಕಾಲೇಜು ಬಿಡುತ್ತೇವೆ, ಟಿಸಿ ಕೊಡಿ ಎಂದು ಅರ್ಜಿ ಕೊಟ್ಟಿದ್ದರಂತೆ. ಕಾರಣ ಎಂಬ ಕಡೆ ನಾಲ್ವರೂ ‘ಮೊನ್ನೆ ಬಂದಿದ್ದ ಮೇಡಂ ಥರ ಆಗಲು’ ಎಂದು ಬರೆದಿದ್ದರಂತೆ. ದಯವಿಟ್ಟು ಇನ್ನೊಂದು ಸಲ ಬಂದು, ಬಿಡಬೇಡಿ ಎಂದು ಹೇಳಿಹೋಗಿ ಎಂದು ಕೇಳಿಕೊಂಡರು.

ನಾನು ಹೇಳಿದರೆ ಯಾರು ನಂಬುತ್ತಾರೆ? ಆಗ ನೆನಪಾದದ್ದು ಅಪ್ಪ. ಆ ವಿಷಯದ ಮೇಲೆ ಹತ್ತು ವರ್ಷ ಭಾನುವಾರ ತಪ್ಪದೆ ಅಭ್ಯಾಸ ಮಾಡಿದವರು ಮೈಸೂರಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಕೇಳಿದ ಕೂಡಲೇ ಅಪ್ಪ ಒಪ್ಪಿದರು. ಬಿಳಿ ಷರ್ಟಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಹತ್ತು ವರ್ಷದ ಭಾಷಣ ಮಾಡುತ್ತಾರಲ್ಲ, ಅದೂ ಮೈಕಿನಲ್ಲಿ, ಎಂದು ದಾರಿಯುದ್ದಕ್ಕೂ ನನಗೆ ಒಳಗೊಳಗೇ ಅಳುಕು. ನಾನೇ ತಂದುಕೊಂಡ ಕೆಲಸ, ಯಾರನ್ನು ಬೈಯಲಿ?

ಅಪ್ಪ ವೇದಿಕೆ ಹತ್ತಿ, ಮೈಕನ್ನು ಒಮ್ಮೆ ತಟ್ಟಿ ನೋಡಿ, ಬಸ್ಸಿನ ಹಿಂದಿನ ಸೀಟಿಗೂ ಕೇಳುವ ದನಿಯಲ್ಲಿ ಶುರುಮಾಡಿದರು. “ಮಕ್ಕಳೇ, ಯಾರೂ ಕಾಲೇಜು ಬುಡಬೇಡಿ. ಬುಟ್ಟರೆ ಏನಾಯ್ತದೆ ಅಂತ ನಾನು ನಮ್ಮನೇಲೇ ನೋಡಿವ್ನಿ.”

ಪ್ರಿನ್ಸಿಪಾಲರು ನೆಮ್ಮದಿಯಿಂದ ಕುರ್ಚಿಗೆ ಒರಗಿದರು.

“ನನ್ನ ಮಗಳು ಬುಟ್ಟಳು. ಒಂದಲ್ಲ, ಎರಡು ಕಾಲೇಜು. ಆಮೇಲೆ ಏನಾಯ್ತು?”

ಮನೆಯಲ್ಲಿ ಈ ಪ್ರಶ್ನೆ ಆದ ಮೇಲೆ ಕೇಡುಗಳ ಪಟ್ಟಿ ಬರುತ್ತಿತ್ತು. ಇಲ್ಲಿ ಬರಲಿಲ್ಲ. ಅಪ್ಪ ನನ್ನ ಕಡೆ ನೋಡಿದರು, ಮಕ್ಕಳ ಕಡೆ ನೋಡಿದರು.

“ಹೋದ ತಿಂಗಳು ಊರಿಗೆ ಹೋಗಿದ್ದೆ,” ಎಂದು ದನಿ ತಗ್ಗಿಸಿದರು. “ಸ್ಟಾಪಿನ ಹತ್ರ ಅಂಗಡಿ ಮುಂದೆ ನಿಂತಿವ್ನಿ. ನೋಡ್ತೀನಿ, ಕಾಫಿಪುಡಿ, ಸೋಪು, ಉಪ್ಪಿನಕಾಯಿ, ಒಂದೇ ಗೂಡಲ್ಲಿ ಐದು ಸಾಮಾನು ನನ್ನ ಮಗಳು ಬರೆದವು. ಅಂಗಡಿಯವನು ಏನು ಕೊಡ್ಲಿ ಅಂದ. ಏನೂ ಬ್ಯಾಡ, ಸುಮ್ನೆ ನೋಡ್ತಾ ಇವ್ನಿ ಅಂದೆ. ನೋಡ್ತಾ ನೋಡ್ತಾ ನನ್ನ ಬಸ್ಸು ಹೊಂಟೋಯ್ತು. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದೋನು, ಬಸ್ಸು ತಪ್ಪಿಸ್ಕೊಂಡಿದ್ದು ಅದೇ ಮೊದಲು. ಅವಳು ತಪ್ಪು ಮಾಡುದ್ಲು ಅಂತ ಹತ್ತು ವರ್ಷ ಹೇಳಿವ್ನಿ. ತಪ್ಪು ತಿಳ್ಕೊಂಡಿದ್ದು ನಾನು ಕಣ್ರಪ್ಪ.”

ನನಗೆ ಕಣ್ಣು ತುಂಬಿ ಬಂತು. ಸಭೆಯೆಂದು ತಡೆಯಲೂ ಆಗಲಿಲ್ಲ, ಅತ್ತುಬಿಟ್ಟೆ. ಕೇಳಬೇಕೆಂದು ಹತ್ತು ವರ್ಷ ಕಾದಿದ್ದ ಮಾತು ಇನ್ನೂರು ಜನರ ಮುಂದೆ ಮೈಕಿನಲ್ಲಿ ಬಂದಿತ್ತು. ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪ ಬಂದು ಕೂತರು, ಬಂದ ಕೆಲಸ ಆಗ ನೆನಪಾಯಿತು, ಎದ್ದು ಮತ್ತೆ ಮೈಕಿಗೆ ಹೋಗಿ “ಆದ್ರೂ ಬುಡಬೇಡಿ” ಎಂದರು. ಆ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರ ಫೋನ್. ನಾಲ್ಕಿದ್ದ ಟಿಸಿ ಅರ್ಜಿ ಒಂಬತ್ತಾಗಿತ್ತು. ಅದರಲ್ಲೊಂದು ಪಾಠ ಮಾಡುವ ಮೇಷ್ಟ್ರದು. ನನಗೆ ನಾಚಿಕೆಯಾಗಿ, ಏನಾದರೂ ಮಾಡೋಣ ಸಾರ್, ನಮ್ಮ ಅಮ್ಮ ಇದ್ದಾರೆ, ಅವರು ಸ್ವಲ್ಪ ಖಡಕ್ಕಾಗಿ ಹೇಳುತ್ತಾರೆ ಎಂದೆ.

“ಬೇಡ ಮೇಡಂ,” ಎಂದರು ಪ್ರಿನ್ಸಿಪಾಲರು. “ಕಾಲೇಜು ಮುಚ್ಚೋದಾದ್ರೆ ನಾವೇ ಹೇಳಿ ಕಳಿಸ್ತೀವಿ.”