ಮೂರನೇ ಕಿಟಕಿಯ ಬೇಸ್ ಗಿಟಾರು

ಆ ದಿನದ ರಂಪಕ್ಕೆಲ್ಲ ಮೂಲ ಒಂದು ಜೊತೆ ಕಟ್ಟಿಸಿದ ಹಲ್ಲು. ಕೆಳಮನೆಯ ನಿವೃತ್ತ ಎಂಜಿನಿಯರರ ಹಲ್ಲುಗಳವು. ಬೆಳಿಗ್ಗೆ ಆರೂವರೆಗೆ, ಮಂಚದ ಪಕ್ಕದ ಗಾಜಿನ ಲೋಟದಲ್ಲಿ, ತಮ್ಮಷ್ಟಕ್ಕೆ ತಾವೇ ಕಟಕಟ ಎನ್ನತೊಡಗಿದವು. ಎಂಜಿನಿಯರರು ಅವನ್ನು ಎತ್ತಿ ಬಾಯಿಗಿಟ್ಟುಕೊಂಡರು. ಅಲ್ಲಿಯೂ ಕಟಕಟ ನಿಲ್ಲಲಿಲ್ಲ. ಆಗ ಅವರು ಟೆಸ್ಟರು, ಸ್ಕ್ರೂಡ್ರೈವರು ಹಿಡಿದು ಮೆಟ್ಟಿಲು ಹತ್ತಿ ಮೇಲ್ಮನೆಯ ಬಾಗಿಲು ಬಡಿದರು.

ಮೇಲ್ಮನೆಯಲ್ಲಿದ್ದವನು ನೀರು ಸರಬರಾಜು ಕಚೇರಿಯ ಗುಮಾಸ್ತ. ಜನರಿಗೆ ಅವನ ಹೆಸರು ಗೊತ್ತಿರಲಿಲ್ಲ. ‘ಮೂರನೇ ಕಿಟಕಿ’ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಕಚೇರಿಯಲ್ಲಿ ದೂರು ಕೊಡುವ ಜಾಗ ಅದು. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು, ನೀರಿನ ಬಣ್ಣ ಹಿಡಿಸದವರು, ಮನೆಯಲ್ಲಿ ಜಗಳವಾಡಿ ಯಾರನ್ನಾದರೂ ಬೈಯಬೇಕೆಂದು ಹೊರಟವರು, ಎಲ್ಲರೂ ಆ ಕಿಟಕಿಗೆ ತಲೆ ತೂರಿಸಿ ಅವನ ಜನ್ಮ ಜಾಲಾಡಿಸಿ ಹೋಗುತ್ತಿದ್ದರು. ಹನ್ನೊಂದು ವರ್ಷ ಅವನು ಬೈಸಿಕೊಂಡ. ನಿದ್ದೆಯಲ್ಲೂ ‘ಅರ್ಜಿ ಕೊಟ್ಟು ಹೋಗಿ’ ಎನ್ನುತ್ತಿದ್ದ.

ಅಷ್ಟರಲ್ಲಿ ಮ್ಯಾನೇಜರಿಗೆ ಹಾಡುವ ಹುಚ್ಚು ಹತ್ತಿತು. ಕಚೇರಿಗೊಂದು ಬ್ಯಾಂಡ್ ಹುಟ್ಟಿತು. ಬ್ಯಾಂಡಿನಲ್ಲಿದ್ದವರಿಗೆ ಕಿಟಕಿ ಕೆಲಸದಿಂದ ವಿನಾಯಿತಿ ಎಂಬ ಆದೇಶವೂ ಹೊರಟಿತು. ಮಾರನೆಯ ದಿನವೇ ಗುಮಾಸ್ತ ವಾದ್ಯದ ಅಂಗಡಿಯಲ್ಲಿದ್ದ. ಗಿಟಾರಿಗೆ ಆರು ತಂತಿ, ಬೇಸ್ ಗಿಟಾರಿಗೆ ನಾಲ್ಕೇ ಎಂದು ತಿಳಿದ ಕ್ಷಣದಲ್ಲಿ ತಾನು ಹುಟ್ಟಿರುವುದೇ ಬೇಸ್ ನುಡಿಸಲಿಕ್ಕೆ ಎಂದು ಅವನಿಗೆ ಖಾತ್ರಿಯಾಯಿತು.

“ಐದು ತಂತಿದೂ ಇದೆ. ಇನ್ನೂ ಕೆಳಗಿನ ಸ್ವರಕ್ಕೆ ಹೋಗಬಹುದು,” ಎಂದ ಅಂಗಡಿಯವ.

“ಮೂರರದ್ದು ಇಲ್ವಾ?” ಎಂದ ಗುಮಾಸ್ತ.

ಗಿಟಾರು ತಂದ ಮೇಲೆ ಆಂಪ್ಲಿಫೈಯರು ಬೇಕಾಯಿತು. ಅದನ್ನು ರೇಡಿಯೋ ರಿಪೇರಿ ಅಂಗಡಿಯ ಭಾವಮೈದುನ ಉಡುಗೊರೆಯಾಗಿ ಕೊಟ್ಟ. ಬಟ್ಟೆ ಬೀರುವಿನಷ್ಟು ದೊಡ್ಡದಾದ ಆ ಪೆಟ್ಟಿಗೆ ಯಾರೂ ಕೊಳ್ಳದೆ ಅವನ ಅಂಗಡಿಯಲ್ಲಿ ಕಾಲಿಗೆ ತೊಡರುತ್ತಿತ್ತು. ಸ್ವಿಚ್ ಹಾಕಿದರೆ ಸಾಕು, ಹೊಟ್ಟೆಯೊಳಗಿನಿಂದ ಗುಂಯ್ ಎಂದು ಒಂದೇ ಸಮನೆ ಸದ್ದು ಮಾಡುತ್ತಿತ್ತು. “ದೊಡ್ಡ ಯಂತ್ರ ಅಂದ್ರೆ ಹಾಗೇ ಭಾವ, ಉಸಿರಾಡುತ್ತೆ,” ಎಂದಿದ್ದ ಭಾವಮೈದುನ.

ಆರು ತಿಂಗಳಲ್ಲಿ ಗುಮಾಸ್ತ ಕಚೇರಿಯ ಕಣ್ಮಣಿಯಾದ. ದಿನವೂ ನಾಲ್ಕು ಗಂಟೆಯ ಅಭ್ಯಾಸ ಮುಗಿದ ಮೇಲೆ ಮ್ಯಾನೇಜರು ಅವನ ಬೆನ್ನು ತಟ್ಟುವರು. “ನೀವು ಹಿಂದಿದ್ರೆ ನನ್ನ ಶ್ರುತಿ ಒಂದು ಕೂದಲೂ ಅಲ್ಲಾಡಲ್ಲ ನೋಡಿ,” ಎನ್ನುವರು. ಗುಮಾಸ್ತ ತಲೆ ತಗ್ಗಿಸಿ, “ಎಲ್ಲಾ ಸಾಧನೆ ಸರ್,” ಎನ್ನುವನು. ನಡಿಗೆ ಬದಲಾಯಿತು. ಕೂದಲು ಕಿವಿ ಮುಚ್ಚಿತು. ಮನೆಯಲ್ಲಿ ಹೆಂಡತಿ ಕೊತ್ತಂಬರಿ ತಾ ಎಂದರೆ, ಕಲಾವಿದರ ಬೆರಳು ಚೀಲ ಹಿಡಿಯಬಾರದು ಎನ್ನುವಷ್ಟು ಮುಂದುವರಿದಿದ್ದ.

ಈಗ ಅಂತರ ಕಚೇರಿ ಸಂಗೀತ ಸ್ಪರ್ಧೆಯ ದಿನ ಬಂದಿತ್ತು. ಕೊನೆಯದೊಂದು ಅಭ್ಯಾಸಕ್ಕೆಂದು ಅವನು ಹಿಂದಿನ ಸಂಜೆಯೇ ಆಂಪ್ಲಿಫೈಯರನ್ನು ಕಚೇರಿಯಿಂದ ತಳ್ಳುಗಾಡಿಯಲ್ಲಿ ಮನೆಗೆ ತಂದಿದ್ದ. ಮನೆ ಇದ್ದದ್ದು ಕಚೇರಿಯ ಬೆನ್ನಿಗೇ, ಹಿಂದಿನ ಓಣಿಯಲ್ಲಿ. ಬೆಳಿಗ್ಗೆ ಎದ್ದವನೇ ಸ್ವಿಚ್ ಹಾಕಿದ್ದ. ಕೆಳಗೆ ಹಲ್ಲು ಕುಣಿದಿತ್ತು.

ಒಳಗೆ ಬಂದ ಎಂಜಿನಿಯರರು ಕುಶಲ ಕೇಳಲಿಲ್ಲ. ಪೆಟ್ಟಿಗೆಗೆ ಕಿವಿಯಿಟ್ಟರು. “ಅರ್ತ್ ತಂತಿ ಬಿಟ್ಕೊಂಡಿದೆ,” ಎಂದರು. “ಇದು ಸಂಗೀತ ಅಲ್ಲ ಕಣಪ್ಪ, ಕಾಯಿಲೆ.”

“ಉಸಿರಾಟ ಅಂತ ನನ್ನ ಭಾವಮೈದುನ...”

“ಅವನ ತಲೆ. ಸ್ವಿಚ್ ಆರ್ಸು.”

ಅವರು ಹಿಂದಿನ ಹಲಗೆ ಬಿಚ್ಚಿ, ಒಳಗೆ ಜೋತುಬಿದ್ದಿದ್ದ ಹಸಿರು ತಂತಿಯನ್ನು ಒಂದು ಸಣ್ಣ ಸ್ಕ್ರೂ ಹಾಕಿ ಬಿಗಿದರು. ಮತ್ತೆ ಸ್ವಿಚ್ ಹಾಕಿದಾಗ ಪೆಟ್ಟಿಗೆ ಮೂಗನ ಹಾಗೆ ನಿಂತಿತ್ತು. ಗುಮಾಸ್ತನ ಕಣ್ಣಲ್ಲಿ ನೀರು ಬಂತು. “ಆರು ತಿಂಗಳಿಂದ ನನ್ನ ಕಲೆಯೆಲ್ಲ ಆ ಗುಂಯ್ ಕೆಳಗೆ ಮುಚ್ಚಿಹೋಗಿತ್ತು ಸರ್. ಇವತ್ತು ಲೋಕಕ್ಕೆ ಕೇಳಿಸುತ್ತೆ. ಮೊದಲು ನೀವು ಕೇಳಿ,” ಎಂದು ಗಿಟಾರು ಹೆಗಲಿಗೇರಿಸಿ ಒಂದು ಹಾಡಿನಷ್ಟು ಹೊತ್ತು ನುಡಿಸಿದ.

ಎಂಜಿನಿಯರರು ಹತ್ತಿದ್ದಕ್ಕಿಂತ ಬೇಗ ಮೆಟ್ಟಿಲಿಳಿದರು. ಅಡುಗೆಮನೆಯಿಂದ ಹೆಂಡತಿ, “ಅಲ್ಲಿ ಏನು ಬಿತ್ತು?” ಎಂದಳು. ಗುಮಾಸ್ತನಿಗೆ ಆಗಲೂ ಏನೂ ಹೊಳೆಯಲಿಲ್ಲ.

ಎರಡು ಗಂಟೆಗೆ ಸಭಾಂಗಣದ ಹಿಂದಿನ ಕೋಣೆಯಲ್ಲಿ ಬ್ಯಾಂಡು ಸೇರಿತು. ಮ್ಯಾನೇಜರು ಹೊಸ ಕೋಟು ತೊಟ್ಟು ಗಂಟಲು ಸರಿಮಾಡಿಕೊಂಡು ಹಾಡು ಎತ್ತಿದರು. ಎರಡನೇ ಸಾಲಿಗೆ ಅವರ ದನಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಸಿಕ್ಕ ಸಿಕ್ಕ ಕಡೆಗೆ ಓಡಿತು. ಮೂರನೇ ಸಾಲಿಗೆ ಅವರೇ ನಿಲ್ಲಿಸಿ ಸುತ್ತ ನೋಡಿದರು.

“ಇದ್ಯಾಕೆ, ಹಿಡಿಯೋಕೆ ಏನೂ ಸಿಗ್ತಿಲ್ವಲ್ಲ. ಬೇಸ್ ಎಲ್ಲಿ?”

“ನುಡಿಸ್ತಾ ಇದೀನಿ ಸರ್,” ಎಂದ ಗುಮಾಸ್ತ.

“ಅದೇ ಸರ್ ತೊಂದರೆ,” ಎಂದ ಡ್ರಮ್ಮಿನ ಹಿಂದಿದ್ದ ಲೆಕ್ಕಿಗ. ಹಣದ ಲೆಕ್ಕ ಬಿಟ್ಟು ಬೇರೆ ಯಾವ ಲೆಕ್ಕವೂ ಅವನ ಕೈಗೆ ಹತ್ತುತ್ತಿರಲಿಲ್ಲ, ಆದರೂ ಪರರ ತಪ್ಪು ತಪ್ಪದೆ ಎಣಿಸುತ್ತಿದ್ದ. “ದಿನಾ ಸುಮ್ನೆ ಒಂದೇ ಸ್ವರ ಹಿಡ್ಕೊಂಡಿರ್ತಿದ್ರು, ಎಷ್ಟು ಗಂಭೀರವಾಗಿತ್ತು. ಇವತ್ತು ಏನೇನೋ ಡುಮ್ ಡುಮ್ ಅನ್ನಿಸ್ತಾ ಇದಾರೆ.”

ಮ್ಯಾನೇಜರು ಗುಮಾಸ್ತನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. “ನೋಡಿ, ಆ ನಿಮ್ಮ ಗುಂಯ್ ಅನ್ನೋ ಸ್ವರ ಇತ್ತಲ್ಲ, ಅದು ಬೇಕು. ನಾಲ್ಕಕ್ಕೆ ನಮ್ಮ ಸರದಿ. ಅದಿಲ್ದೆ ವೇದಿಕೆ ಹತ್ತಬೇಡಿ. ಮೂರನೇ ಕಿಟಕಿ ಆರು ತಿಂಗಳಿಂದ ನಿಮಗಾಗೇ ಕಾಯ್ತಾ ಇದೆ.”

ಗುಮಾಸ್ತನಿಗೆ ಈಗ ಹೊಳೆಯಿತು. ಆರು ತಿಂಗಳು ಬೆನ್ನು ತಟ್ಟಿಸಿಕೊಂಡದ್ದು ತಾನಲ್ಲ, ಬಿಟ್ಟುಕೊಂಡ ಒಂದು ಹಸಿರು ತಂತಿ. ಗಿಟಾರಿನ ನಾಲ್ಕೂ ತಂತಿ ಆ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಬಿದ್ದಿದ್ದರೆ ಮೊದಲ ವಾರದಲ್ಲೇ ಅವನು ಕಿಟಕಿಗೆ ವಾಪಸಾಗಿರುತ್ತಿದ್ದ. ಇಂಥ ನಾಚಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಆದರೆ ನಾಚುತ್ತ ಕೂರಲು ಪುರುಸೊತ್ತಿರಲಿಲ್ಲ.

ತಳ್ಳುಗಾಡಿಯ ಮೇಲೆ ಪೆಟ್ಟಿಗೆ ಹೇರಿಕೊಂಡು ಎಂಜಿನಿಯರರ ಮನೆಗೆ ಓಡಿದ. ಅವರು ಆಗ ತಾನೇ ಮಧ್ಯಾಹ್ನದ ನಿದ್ದೆಗೆ ಹಲ್ಲು ಬಿಚ್ಚಿಟ್ಟಿದ್ದರು.

“ಸರ್, ಬೆಳಿಗ್ಗೆ ಹಾಕಿದ ಸ್ಕ್ರೂ ಬಿಚ್ಚಿಕೊಡಿ. ನನ್ನ ಮಾನ ಉಳಿಸಿ.”

ಎಂಜಿನಿಯರರು ಹಲ್ಲು ಹಾಕಿಕೊಂಡೇ ಉತ್ತರ ಕೊಟ್ಟರು; ತತ್ವದ ಮಾತನ್ನು ಬೊಚ್ಚುಬಾಯಲ್ಲಿ ಆಡುವುದು ಅವರಿಗೆ ಸರಿಬರಲಿಲ್ಲ. “ನಲವತ್ತು ವರ್ಷ ಸರ್ವೀಸು. ಚೆನ್ನಾಗಿರೋ ಸಾಮಾನು ಕೆಡಿಸಿದ ಕಳಂಕ ನನಗಿಲ್ಲ. ಬೇರೆ ಯಾರಾದ್ರೂ ಬಿಚ್ಚಿದ್ರೂ ನಾನು ಸುಮ್ನಿರಲ್ಲ, ಬರೆದು ದೂರು ಕೊಡ್ತೀನಿ,” ಎಂದು ಬಾಗಿಲು ಹಾಕಿಕೊಂಡರು.

ಗಾಡಿ ಭಾವಮೈದುನನ ಅಂಗಡಿಯತ್ತ ತಿರುಗಿತು. ದಾರಿಯಲ್ಲಿ ಹೊಲಿಗೆಯವನೊಬ್ಬ, “ಮನೆ ಬದಲಾಯಿಸ್ತಾ ಇದೀರಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ, ಆ ಬೀರು ಯಾವ ಮರದ್ದೆಂದು ತಟ್ಟಿ ನೋಡಿದ. ಗುಮಾಸ್ತ ಬೆವರಿನಲ್ಲಿ ತೊಯ್ದು ಅಂಗಡಿ ಮುಟ್ಟಿದಾಗ ಮೂರೂಮುಕ್ಕಾಲು.

“ಕೆಡಿಸಬೇಕಾ? ಅಷ್ಟೇನಾ? ಅದು ನನ್ನ ದಿನಾ ಇರೋ ಕೆಲಸ ಭಾವ,” ಎಂದ ಭಾವಮೈದುನ ಎರಡೇ ನಿಮಿಷದಲ್ಲಿ ಸ್ಕ್ರೂ ತೆಗೆದು ಜೇಬಿಗಿಳಿಸಿದ. “ಒಂದು ವಿಷಯ. ಅವಸರದಲ್ಲಿ ಮೊದಲಿಗಿಂತ ಜಾಸ್ತೀನೇ ಕೆಟ್ಟಿದೆ, ಗಿಟಾರಿನ ತಂತಿ ಮುಟ್ಟಿದಾಗ ಕೈಗೆ ಸ್ವಲ್ಪ ಜುಮ್ ಅನ್ನಬಹುದು. ಗಾಬರಿಯಾಗಬೇಡ, ಯಾರೂ ಸತ್ತಿದ್ದು ನನಗೆ ಗೊತ್ತಿಲ್ಲ.”

ನಾಲ್ಕಕ್ಕೆ ಸರಿಯಾಗಿ ವೇದಿಕೆಯ ಮೇಲೆ ಗುಂಯ್ ಎಂಬ ಸದ್ದು ಎದ್ದಿತು. ಮ್ಯಾನೇಜರ ಮುಖ ಅರಳಿತು. ಅವರ ದನಿ ಆ ಸದ್ದಿಗೆ ಜೋತುಬಿದ್ದು ಒಂದು ಕೂದಲೂ ಅಲ್ಲಾಡದೆ ಸಾಗಿತು. ಗುಮಾಸ್ತ ಬುದ್ಧಿವಂತಿಕೆಯಿಂದ ಗಿಟಾರಿನ ದನಿಯ ಗುಂಡಿಯನ್ನು ಪೂರ್ತಿ ಇಳಿಸಿ ಬೆರಳಾಡಿಸುತ್ತಿದ್ದ. ತಂತಿ ಮುಟ್ಟಿದಾಗೊಮ್ಮೆ ಜುಮ್ ಎಂದು ಮೈ ಸೆಟೆಯುತ್ತಿತ್ತು, ಕಣ್ಣು ಮೇಲಾಗುತ್ತಿತ್ತು, ಕಿವಿ ಮುಚ್ಚಿದ್ದ ಕೂದಲು ಎದ್ದು ನಿಲ್ಲುತ್ತಿತ್ತು. ಮುಂದಿನ ಸಾಲಿನ ಹೆಂಗಸೊಬ್ಬರು, “ಪಾಪ, ಎಷ್ಟು ತನ್ಮಯ ಆಗಿಬಿಟ್ಟಿದ್ದಾರೆ,” ಎಂದು ಕಣ್ಣೊರೆಸಿಕೊಂಡರು.

ತೀರ್ಪುಗಾರರು ಐವತ್ತು ವರ್ಷ ಡಬಲ್ ಬೇಸ್ ಎಂಬ ಭಾರೀ ಪಿಟೀಲು ನುಡಿಸಿದ್ದ ಹಿರಿಯರು. ನೀರು ಸರಬರಾಜಿಗೆ ಮೊದಲ ಬಹುಮಾನ ಎಂದು ಸಾರಿದ ಮೇಲೂ ಅವರು ಮೈಕು ಬಿಡಲಿಲ್ಲ. “ಶ್ರೇಷ್ಠ ವಾದಕರ ಪದಕ ಬೇಸ್ ನುಡಿಸಿದವರಿಗೆ,” ಎಂದರು. “ಈಗಿನ ಕಾಲದವರು ಬೆರಳು ಕುಣಿಸೋದೇ ಬೇಸ್ ಅಂದ್ಕೊಂಡಿದ್ದಾರೆ. ಒಂದೇ ಸ್ವರ ಹಿಡ್ಕೊಂಡು, ಮೆರೀದೆ, ಅಲುಗದೆ ನಿಲ್ಲೋರನ್ನ ನಾನು ಇವತ್ತೇ ನೋಡಿದ್ದು. ಪದಕ ಕೊಡೋ ಮೊದಲು ನನ್ನದೊಂದು ಆಸೆ. ಅದೇ ಸ್ವರ ನನ್ನ ವಾದ್ಯದಲ್ಲಿ ಒಮ್ಮೆ ಕೇಳಬೇಕು.”

ಇಬ್ಬರು ಸೇರಿ ಅವರ ಡಬಲ್ ಬೇಸನ್ನು ಹೊತ್ತು ತಂದು ನಿಲ್ಲಿಸಿದರು. ಅದು ಗುಮಾಸ್ತನಿಗಿಂತ ಒಂದು ಮೊಳ ಎತ್ತರವಿತ್ತು. ಅವನು ಅದನ್ನು ತಬ್ಬಿ ಹಿಡಿದು, ಮುಂದೆ ನೋಡಿದ, ಹಿಂದೆ ಬಗ್ಗಿ ನೋಡಿದ.

“ಸರ್, ಇದರ ಸ್ವಿಚ್ ಎಲ್ಲಿದೆ?”

ಸಭೆ ನಕ್ಕಿತು. ಹಾಸ್ಯಪ್ರಜ್ಞೆಯೂ ಇದೆ ಎಂದು ತೀರ್ಪುಗಾರರೂ ನಕ್ಕರು. ಬೇರೆ ದಾರಿ ಕಾಣದೆ ಗುಮಾಸ್ತ ಕಮಾನೆತ್ತಿ ಎಳೆದ. ಭಾರದ ಮಂಚವನ್ನು ನೆಲದ ಮೇಲೆ ಜರುಗಿಸಿದಂಥ ಸದ್ದು ಸಭಾಂಗಣದ ಕೊನೆಯವರೆಗೂ ಹೋಯಿತು. ಇನ್ನೊಮ್ಮೆ ಎಳೆದ. ಈಗ ಮಂಚದ ಮೇಲೆ ಯಾರೋ ಮಲಗಿದ್ದಂತೆಯೂ ಕೇಳಿಸಿತು. ಕಣ್ಣೊರೆಸಿಕೊಂಡಿದ್ದ ಹೆಂಗಸು ಕರವಸ್ತ್ರವನ್ನು ಚೀಲದೊಳಗಿಟ್ಟರು.

ಅವನು ಕೈ ಇಳಿಸಿದ. ಆಗ ಎಲ್ಲರಿಗೂ ಕೇಳಿಸಿತು. ಅವನ ಬೆನ್ನ ಹಿಂದೆ, ಯಾರೂ ಮುಟ್ಟದೆ, ಆ ಸ್ವರ ಗುಂಯ್ ಎಂದು ನಡೆದೇ ಇತ್ತು.

ತೀರ್ಪುಗಾರರು ನಿಧಾನವಾಗಿ ಪೆಟ್ಟಿಗೆಯ ಹತ್ತಿರ ಹೋದರು. ಸ್ವಿಚ್ ಆರಿಸಿದರು, ಸ್ವರ ನಿಂತಿತು. ಹಾಕಿದರು, ಬಂತು. ಮತ್ತೆ ಆರಿಸಿದರು, ಮತ್ತೆ ಹಾಕಿದರು. ಗುಮಾಸ್ತ ಡಬಲ್ ಬೇಸಿನ ಹಿಂದೆ ಆದಷ್ಟು ಅಡಗಿದ್ದ. ನೆಲ ಬಾಯಿಬಿಟ್ಟಿದ್ದರೆ ವಾದ್ಯದ ಸಮೇತ ಇಳಿದುಬಿಡುತ್ತಿದ್ದ.

“ಆಡಿದ ಮಾತು ಆಡಿದ್ದೇ,” ಎಂದರು ತೀರ್ಪುಗಾರರು. “ಪದಕ ನುಡಿಸಿದವರಿಗೇ ಸಲ್ಲಬೇಕು.” ಪದಕದ ಪಟ್ಟಿಯನ್ನು ಆಂಪ್ಲಿಫೈಯರಿನ ಗುಂಡಿಗೆ ತೂಗುಹಾಕಿ ಕೈಮುಗಿದರು. ಅಷ್ಟು ಜೋರು ಚಪ್ಪಾಳೆ ಆ ಸಭಾಂಗಣ ಕಂಡಿರಲಿಲ್ಲ.

ಮ್ಯಾನೇಜರು ಬೈಯಲಿಲ್ಲ. ಗೆದ್ದ ಬಹುಮಾನದ ಕಪ್ ಕಂಕುಳಲ್ಲಿತ್ತು, ಬೈಯುವ ಮನಸ್ಸಿರಲಿಲ್ಲ. “ಬೆಳಿಗ್ಗೆ ಕಾಣಿ,” ಎಂದಷ್ಟೇ ಅಂದರು. ಬೆಳಿಗ್ಗೆ ಕಂಡಾಗ ಮೇಜಿನ ಮೇಲೆ ಟೈಪಾದ ಆದೇಶ ಸಿದ್ಧವಿತ್ತು. ಸದರಿ ಆಂಪ್ಲಿಫೈಯರನ್ನು ಬ್ಯಾಂಡಿನ ಬೇಸ್ ವಾದಕನ ಸ್ಥಾನದಲ್ಲಿ ಖಾಯಂಗೊಳಿಸಲಾಗಿದೆ. ಸದರಿಯವರ ಸಾಧನೆಯನ್ನು ಪರಿಗಣಿಸಿ ಕಚೇರಿಯ ಹಿಂಭಾಗದ ಕಡತದ ಕೋಣೆಯನ್ನು ಅವರಿಗೆ ಪ್ರತ್ಯೇಕವಾಗಿ ಬಿಟ್ಟುಕೊಡಲಾಗಿದೆ. ಗುಮಾಸ್ತರು ದಿನವೂ ನಾಲ್ಕು ಗಂಟೆಗೆ ಸ್ವಿಚ್ ಹಾಕಿ ಮೂರನೇ ಕಿಟಕಿಗೆ ಮರಳತಕ್ಕದ್ದು.

“ಪೆಟ್ಟಿಗೆ ನನ್ನದು ಸರ್,” ಎಂದ ಗುಮಾಸ್ತ ಸಣ್ಣ ದನಿಯಲ್ಲಿ.

“ಪ್ರತಿಭೆ ಯಾರ ಸೊತ್ತೂ ಅಲ್ಲ ಕಣ್ರೀ,” ಎಂದರು ಮ್ಯಾನೇಜರು.

ನಾಲ್ಕು ಗಂಟೆಗೆ ಅವನು ಸ್ವಿಚ್ ಹಾಕಿ ಬಂದು ಕಿಟಕಿಯ ಹಿಂದೆ ಕೂತ. ಹಳೆಯ ಕುರ್ಚಿ ಅವನ ಆಕಾರವನ್ನು ಮರೆತಿರಲಿಲ್ಲ. ಗೋಡೆಯಾಚೆ ಗುಂಯ್ ಎದ್ದಿತು, ಅದರ ಮೇಲೆ ಮ್ಯಾನೇಜರು ಎದ್ದರು. ಹತ್ತು ನಿಮಿಷವಾಗಿರಲಿಲ್ಲ, ಕಿಟಕಿಯೊಳಗೆ ಒಂದು ತಲೆ ತೂರಿತು. ಕೆಳಮನೆಯ ಎಂಜಿನಿಯರರು. ಬಾಯೊಳಗೆ ಹಲ್ಲು ಕಟಕಟ ಎನ್ನುತ್ತಿತ್ತು. ಕಡತದ ಕೋಣೆಯ ಗೋಡೆಯೂ ಅವರ ಮಲಗುವ ಕೋಣೆಯ ಗೋಡೆಯೂ ಒಂದೇ ಎಂಬುದು ಗುಮಾಸ್ತನಿಗೆ ಆಗ ನೆನಪಾಯಿತು.

“ನಾನು ಬಿಗಿದ ಸ್ಕ್ರೂ ಯಾರೋ ಬಿಚ್ಚಿಸಿದ್ದಾರೆ,” ಎಂದರು ಅವರು. “ದೂರು ಬರ್ಕೊಳ್ಳಿ.”

ಗುಮಾಸ್ತ ನಮೂನೆ ಎಳೆದುಕೊಂಡು ಬರೆದ. ದೂರುದಾರರು, ವಿಳಾಸ, ತೊಂದರೆಯ ಸ್ವರೂಪ. ಏಳನೆಯ ಕಾಲಮ್ಮಿನ ಹತ್ತಿರ ಪೆನ್ನು ನಿಂತಿತು. ‘ತೊಂದರೆಗೆ ಕಾರಣರಾದವರು’ ಎಂದಿತ್ತು ಅಲ್ಲಿ.

“ಅದನ್ನ ಖಾಲಿ ಬಿಡಬೇಡಿ,” ಎಂದರು ಎಂಜಿನಿಯರರು.

ಗುಮಾಸ್ತ ‘ಮೂರನೇ ಕಿಟಕಿ’ ಎಂದು ದುಂಡಗೆ ಬರೆದು, ಮೊಹರು ಒತ್ತಿ, ರಸೀತಿ ಹರಿದು ಕೊಟ್ಟ.