ಸಾರು ಕುಡಿದ ಹುಳ

ಹುಣಸೂರಿನ ಆಸ್ಪತ್ರೆಯ ಲ್ಯಾಬಿಗೆ ನಾನು ಸೇರಿದ್ದೇ ಅಲ್ಲಿ ಯಾರೊಂದಿಗೂ ಮಾತಾಡಬೇಕಿಲ್ಲವೆಂದು. ಕಾನ್ವೆಂಟಿನಲ್ಲಿ ಓದಿದ ನನ್ನ ಕನ್ನಡ ಗಂಟಲಿಂದ ಹೊರಡುವಷ್ಟರಲ್ಲಿ ಎದುರಿನವರು ಎರಡು ಮಾತು ಮುಂದೆ ಹೋಗಿರುತ್ತಾರೆ. ಆದರೆ ಇಲ್ಲಿ ಒಂದು ತೊಟ್ಟು ರಕ್ತ ತೆಗೆದರೂ ಹಿಂದೆಯೇ ಒಂದು ವಾದ ಬರುತ್ತದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರಿಂದ ಮೂರು ದಿನದಲ್ಲಿ ಮೂರು ಬಂದವು.

೧

ಅವರ ಕಾಲಿನ ಗಾಯ ಕೀವಾಗಿ, ನಂಜು ರಕ್ತಕ್ಕೇರಿತ್ತು. ಪೆನ್ಸಿಲಿನ್ ಕೊಟ್ಟರೂ ಜ್ವರ ಇಳಿದಿರಲಿಲ್ಲ. ನಂಜಿನ ರೋಗಾಣು, ನಮ್ಮ ಮಾತಿನಲ್ಲಿ ಹುಳ, ಯಾವ ಔಷಧಿಗೆ ಸಾಯುತ್ತದೆಂದು ಬೇಗ ತಿಳಿಯದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನಗೆ ಹೇಳಿದ್ದರು.

ರಕ್ತ ಏನು ಮಾಡ್ತೀರಿ ಎಂದು ಅವರ ಹೆಂಡತಿ ಕೇಳಿದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಹುಳ ಬೆಳೆಸುತ್ತೇವೆ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಯಾತರಲ್ಲಿ ಎಂದು ವ್ಯಾಪಾರಿ ಕೇಳಿದ್ದಕ್ಕೆ, ಮಾಂಸದ ಸಾರಿನಲ್ಲಿ ಎಂದುಬಿಟ್ಟೆ.

"ನಮ್ಮನೇಲಿ ಮೊಟ್ಟೆ ಕೂಡ ವಸ್ತಿಲು ದಾಟಿಲ್ಲ ಕಣವ್ವಾ. ನನ್ ರಕ್ತಾನ ಸಾರಿಗೆ ಬುಟ್ಬುಟ್ರಾ?"

ಬಿಟ್ಟಾಗಿತ್ತು. ತೊಳೆದು ವಾಪಸು ಕೊಡಿ ಎಂದರು.

೨

ಮರುದಿನ ಪೆಟ್ಟಿಗೆ ತೆರೆದರೆ ನನ್ನ ಬಾಟಲಿಯ ಪಕ್ಕದಲ್ಲಿ ಒಂದು ಗಡಿಗೆ. ಇದು ಹುಳ ಬೆಳೆಸುವ ಜಾಗ ಎಂದು ತಡವರಿಸಿದೆ. ವ್ಯಾಪಾರಿಯ ಹೆಂಡತಿ, ಹೆಪ್ಪು ಹಾಕೋ ಜಾಗ ಅಂತ ನೆನ್ನೆ ನೀವೇ ಅಂದ್ರಲ್ಲ ಎಂದರು. ಚೆಲ್ಲಿಸುವಾಗ ನನಗೇ ಹೊಟ್ಟೆ ಉರಿಯಿತು. ಹುಳದ ಕಥೆ ಏನಾದರಾಗಲಿ, ಮೊಸರು ಗಟ್ಟಿಯಾಗಿ ಬಂದಿತ್ತು.

೩

ಹುಳ ಹರಡಿದ ತಟ್ಟೆಯ ಮೇಲೆ ಔಷಧಿಯಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಹುಳ ಸತ್ತರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಮೂರನೆಯ ದಿನ ನೋಡಿದರೆ ಪೆನ್ಸಿಲಿನ್ ಬಿಲ್ಲೆಯ ಅಂಚಿನವರೆಗೂ ಹುಳ, ಸ್ಟ್ರೆಪ್ಟೊಮೈಸಿನ್ ಎಂಬ ಇನ್ನೊಂದು ಔಷಧಿಯ ಬಿಲ್ಲೆಯ ಸುತ್ತ ಅಗಲವಾದ ಉಂಗುರ. ಡಾಕ್ಟರು ಕೂಡಲೇ ಹೊಸ ಇಂಜೆಕ್ಷನ್ ತರಿಸಿದರು. ವ್ಯಾಪಾರಿ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡರು. ಪೆನ್ಸಿಲಿನ್ನೇ ಸಾಕಂತೆ.

"ನನ್ ಮೈಯಾಗಿದ್ದಾಗ ಅದು ಸಾಧು ಹುಳ. ನೀವು ಸಾರು ಕುಡಿಸಿ ಕೊಬ್ಬಿಸಿದ್ರಿ. ಈಗ ಪೆನ್ಸಿಲಿನ್ ಮಾತು ಕೇಳಾಕಿಲ್ಲ ಅಂತೀರಿ."

ಡಾಕ್ಟರು ಗದರಿದರು, ಹೆಂಡತಿ ಅತ್ತರು. ಜ್ವರ ಏರುತ್ತಿತ್ತು, ಕೈ ಮಾತ್ರ ಹೊರಗೆ ಬರಲಿಲ್ಲ. ಮೂರು ದಿನ ನುಂಗಿದ್ದ ಸಿಟ್ಟು ನನ್ನ ಬಾಯಿಗೆ ಬಂತು.

"ಸ್ವಾಮೀ, ನಿಮ್ಮ ಮೈಯೊಳಗೂ ಅದು ತಿಂತಿರೋದು ಮಾಂಸಾನೇ."

ಅವರು ತಮ್ಮ ಕಾಲಿನ ಗಾಯದತ್ತ ನೋಡಿದರು. ಆಮೇಲೆ ಕಂಬಳಿ ಸರಿಸಿ ಕೈ ಚಾಚಿದರು.

"ಮೊದ್ಲೇ ಯೋಳ್ಬಾರ್ದಾ? ಶಿವಪೂಜೆ ಮಾಡೋ ಮೈ ಕಣವ್ವಾ ಇದು. ಆಚಿಗಾಕಿ ಅದ್ನ."